ತಲೆಗೂ ಹಗುರ, ಜೇಬಿಗೂ ಹಗುರ: ಹೆಡ್‌ಫೋನ್ ಯಾವುದು ತಗೋಬೇಕ್ರೀ?

ದಾವಣಗೆರೆ: ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಹರಿಹರದಿಂದ ದಾವಣಗೆರೆಗೆ ಹೊರಡುವ ಬಸ್ಸಿನೊಳಗೆ ಒಂದ್ಸಲ ಇಣುಕಿ ನೋಡಿ. ಸೀಟು ಸಿಕ್ಕ ಪುಣ್ಯವಂತರು, ಕಂಬಿ ಹಿಡಿದು ನಿಂತವರು, ಬಾಗಿಲಲ್ಲಿ ಒಂಟಿ ಕಾಲಲ್ಲಿ ಜೋತವರು, ಬಹಳಷ್ಟು ಮಂದಿಯ ಕಿವಿಯಲ್ಲಿ ಏನೋ ಒಂದು ಸಿಕ್ಕಿಕೊಂಡಿರುತ್ತದೆ. ಕೆಲವರದು ವೈರು, ಕೆಲವರದು ಹುಣಸೆ ಬೀಜದಂಥ ಗುಂಡು, ಇನ್ನು ಕೆಲವರದು ತಲೆ ಮೇಲಿನ ಕಮಾನು. ಕಂಡಕ್ಟರ್ ಪಾಪ, ‘ಟಿಕೆಟ್, ಟಿಕೆಟ್’ ಎಂದು ಮೂರು ಸಲ ಕೂಗಿ, ನಾಲ್ಕನೇ ಸಲಕ್ಕೆ ಭುಜ ತಟ್ಟಬೇಕು.

ದಾರಿ ಹದಿನಾಲ್ಕು ಕಿಲೋಮೀಟರ್. ಸುಮಾರು ಅರ್ಧ ಗಂಟೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನೊಳಗೆ ಗದ್ದಲವೂ ಹೆಚ್ಚು, ನೂಕುನುಗ್ಗಲೂ ಹೆಚ್ಚು. ಆ ಅರ್ಧ ಗಂಟೆಯಲ್ಲಿ ಒಂದು ಹಾಡು ಕೇಳಿಕೊಂಡು ಹೋದರೆ ಯಾರಿಗೇನು ನಷ್ಟ? ಏನೂ ಇಲ್ಲ. ಆದರೆ ಕೇಳುವ ಸಾಧನ ಸರಿಯಿಲ್ಲದಿದ್ದರೆ ನಷ್ಟ ಇದೆ. ಮೊದಲು ಜೇಬಿಗೆ, ಆಮೇಲೆ ಕಿವಿಗೆ.

ಸಂಜೆ ಇದೇ ಜನ ಮೊಬೈಲ್ ಅಂಗಡಿ ಮುಂದೆ ಹಾಜರ್. ಒಬ್ಬರದು ಒಂದು ಕಡೆ ಸತ್ತಿದೆ, ಇನ್ನೊಬ್ಬರದು ಕಿವಿ ನೋಯಿಸುತ್ತದೆ, ಮತ್ತೊಬ್ಬರದು ಬಸ್ಸಿನಲ್ಲೇ ಬಿದ್ದುಹೋಗಿದೆ. ‘ಬರ್ರೀ ಅಣ್ಣಾರೆ, ಬೇಸ್ ಹೆಂಗೈತಿ ಕೇಳಿ ನೋಡ್ರೀ’ ಎಂಬುದು ಅಂಗಡಿ ಹುಡುಗನ ಮೊದಲ ಮಾತು. ‘ಲಾಸ್ಟ್ ಎಷ್ಟಕ್ಕೆ ಕೊಡ್ತೀಯಪ್ಪಾ?’ ಎಂಬುದು ಗಿರಾಕಿಯ ಮೊದಲ ಮಾತು. ಇಬ್ಬರೂ ಕೇಳದ ಮಾತು ಒಂದಿದೆ. ಇದನ್ನ ಎಲ್ಲಿ ಕೂತು ಕೇಳ್ತೀರಿ? ಬಸ್ಸಿನಲ್ಲೋ, ಗಲ್ಲಾಪೆಟ್ಟಿಗೆ ಹಿಂದೋ, ಮನೆ ಜಗಲಿ ಮೇಲೋ? ಅದನ್ನು ಕೇಳದೆ ಕೊಂಡ ಹೆಡ್‌ಫೋನು, ಕಾಲಿನ ಅಳತೆ ಕೊಡದೆ ತರಿಸಿದ ಚಪ್ಪಲಿ ಇದ್ದಂತೆ.

ತಕ್ಕಡಿಗೆ ಹಾಕಿ ನೋಡಿ

ಕಿರಾಣಿ ಅಂಗಡಿಯವರಿಗೆ ಇದು ಸುಲಭ. ಎಲೆಕ್ಟ್ರಾನಿಕ್ ತಕ್ಕಡಿ ಎದುರಿಗೇ ಇದೆ. ವೈರಿನ ಸಾದಾ ಇಯರ್‌ಫೋನ್ ಇಟ್ಟರೆ ಹತ್ತಿಪ್ಪತ್ತು ಗ್ರಾಂ. ಕಿವಿಯ ಮೇಲೆ ಕೂರುವ ಸಣ್ಣ ಹೆಡ್‌ಫೋನ್ ನೂರರಿಂದ ನೂರೈವತ್ತು ಗ್ರಾಂ. ಸೋನಿ ಕಂಪನಿಯ ವೈರಿನ ಜೆಡ್‌ಎಕ್ಸ್ 110 ಎಂಬ ಮಾದರಿ ಸುಮಾರು 120 ಗ್ರಾಂ ತೂಗುತ್ತದೆ. ಇಡೀ ಕಿವಿ ಮುಚ್ಚುವ ದೊಡ್ಡ ಬ್ಲೂಟೂತ್ ಸೆಟ್ ಆದರೆ ಕಾಲು ಕೇಜಿ ಮುಟ್ಟುವುದೂ ಉಂಟು. ಕಾಲು ಕೇಜಿ ಸಕ್ಕರೆ ಪೊಟ್ಟಣವನ್ನು ತಲೆ ಮೇಲಿಟ್ಟುಕೊಂಡು ದಿನವಿಡೀ ವ್ಯಾಪಾರ ಮಾಡುವವರುಂಟೇ?

ಭಾರ ಒಂದೇ ಅಲ್ಲ, ಒತ್ತುವುದೂ ಇದೆ. ಹಗುರ ಇದ್ದೂ ಚಿಮುಟದ ಹಾಗೆ ಹಿಡಿಯುವ ಸೆಟ್ಟುಗಳಿವೆ. ಕನ್ನಡಕ ಹಾಕುವವರಿಗೆ ಇದರ ಕಷ್ಟ ಚೆನ್ನಾಗಿ ಗೊತ್ತು. ಕನ್ನಡಕದ ಕಡ್ಡಿಯ ಮೇಲೆ ಹೆಡ್‌ಫೋನಿನ ದಿಂಬು ಒತ್ತಿ, ಅರ್ಧ ಗಂಟೆಯಲ್ಲಿ ಕಿವಿಯ ಮೇಲ್ಭಾಗ ಕೆಂಪಾಗುತ್ತದೆ. ಹೆಣ್ಣುಮಕ್ಕಳಿಗೆ ಓಲೆ, ಜುಮಕಿ, ಬೆಂಡೋಲೆಗಳ ತೊಂದರೆ. ಓಲೆಯ ತಿರುಪು ಕಿವಿಯ ಹಿಂದೆ ಚುಚ್ಚುತ್ತದೆ. ಅಂಗಡಿಯಲ್ಲಿ ಒಂದು ನಿಮಿಷ ಹಾಕಿ ‘ಸರಿಯಾಗೈತಿ’ ಅನ್ನುವುದು ಸುಳ್ಳು ಪರೀಕ್ಷೆ. ಕನ್ನಡಕ, ಓಲೆ ಸಮೇತ ಹತ್ತು ನಿಮಿಷ ಹಾಕಿಕೊಂಡು ನಿಲ್ಲಿ. ಅಂಗಡಿಯವನಿಗೆ ಬೇಜಾರಾದರೆ ಆಗಲಿ, ಕಿವಿ ನಿಮ್ಮದು.

ಇನ್ನು ನಮ್ಮೂರಿನ ಬಿಸಿಲು. ಮಾರ್ಚ್ ಕಳೆದರೆ ಸಾಕು, ರೆಗ್ಜೀನಿನ ದಿಂಬು ಕಿವಿ ಮುಚ್ಚಿತೆಂದರೆ ಒಳಗೆ ಬೆವರಿನ ಹೊಂಡ. ಒಂದೆರಡು ಬೇಸಿಗೆಯಲ್ಲಿ ರೆಗ್ಜೀನ್ ಸಿಪ್ಪೆ ಸುಲಿದು ಕಪ್ಪು ಚೂರು ಕೆನ್ನೆಗೆ ಅಂಟುತ್ತದೆ. ಹಳೇ ಕಾಲದ ಸ್ಪಂಜಿನ ದಿಂಬು ಈ ವಿಷಯದಲ್ಲಿ ವಾಸಿ, ಗಾಳಿ ಆಡುತ್ತದೆ.

ಈ ಸ್ಪಂಜಿನ ಕಥೆ ದೊಡ್ಡದು. 1910ರಲ್ಲಿ ಅಮೆರಿಕದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ಅಡುಗೆಮನೆಯಲ್ಲಿ ಕೂತು ಮಾಡಿದ ಹೆಡ್‌ಫೋನನ್ನು ಅಲ್ಲಿನ ನೌಕಾಪಡೆ ಕೊಂಡಿತು. ಆಗ ಅದು ಟೆಲಿಗ್ರಾಫ್‌ನವರ ಸಾಮಾನು. 1958ರಲ್ಲಿ ಜಾನ್ ಕಾಸ್ ಹಾಡು ಕೇಳುವುದಕ್ಕೆಂದೇ ಸ್ಟೀರಿಯೋ ಹೆಡ್‌ಫೋನ್ ಮಾಡಿದ. ಅದೂ ದಪ್ಪ, ಭಾರ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ಹಿಂಬದಿ ತೆರೆದ, ಸ್ಪಂಜಿನ ದಿಂಬಿನ ಹಗುರ ಸೆಟ್ ತಂದಿತು. ನಿಜವಾದ ಕ್ರಾಂತಿ ಆದದ್ದು 1979ರ ಜುಲೈ 1ರಂದು. ಜಪಾನಿನಲ್ಲಿ ಸೋನಿ ವಾಕ್‌ಮನ್ ಮಾರಾಟಕ್ಕೆ ಬಂತು. ಜೊತೆಗಿದ್ದ ಹೆಡ್‌ಫೋನ್ ಐವತ್ತು ಗ್ರಾಂ ಆಸುಪಾಸು. ಮಜಾ ಏನೆಂದರೆ ಆ ಮೊದಲ ವಾಕ್‌ಮನ್‌ಗೆ ಎರಡು ಹೆಡ್‌ಫೋನ್ ಸಿಕ್ಕಿಸಬಹುದಿತ್ತು, ಜೊತೆಗಿದ್ದವರೂ ಕೇಳಲೆಂದು. ಗುಂಡಿ ಒತ್ತಿದರೆ ಹಾಡು ತಗ್ಗಿ ಪಕ್ಕದವರ ಮಾತು ಕೇಳುತ್ತಿತ್ತು. ಇಂದಿನ ಬಸ್ಸಿಗೆ ಅಂಥದೊಂದು ಗುಂಡಿ ಬೇಕಿತ್ತು, ಕಂಡಕ್ಟರ್ ಕೈಯಲ್ಲಿ!

ನಮ್ಮ ಕಡೆಯ ಹಿರಿಯರಿಗೆ ನೆನಪಿರುವುದು ಅದಕ್ಕೂ ಹಿಂದಿನ ಒಂಟಿ ಇಯರ್‌ಫೋನ್. ಜೇಬಲ್ಲಿ ಟ್ರಾನ್ಸಿಸ್ಟರ್, ಕಿವಿಯಲ್ಲಿ ಒಂದು ಗುಂಡು, ಇತ್ತ ಬಟ್ಟೆ ಅಳೆಯುತ್ತಾ ಅತ್ತ ಕ್ರಿಕೆಟ್ ಕಾಮೆಂಟರಿ. ಇನ್ನೊಂದು ಕಿವಿ ಗಿರಾಕಿಗೆ ಮೀಸಲು. ಹಾಗೆ ನೋಡಿದರೆ ವ್ಯಾಪಾರಸ್ಥರಿಗೆ ಅದೇ ಸರಿಯಾದ ಪದ್ಧತಿ.

ಕಿಟಕಿ ತೆರೆದ ಮನೆ, ಬಾಗಿಲು ಜಡಿದ ಮನೆ

ಹೆಡ್‌ಫೋನಿನ ಜಾತಿ ನೂರಿದ್ದರೂ ಗಿರಾಕಿ ತಿಳಿಯಬೇಕಾದದ್ದು ಎರಡೇ. ಸ್ಪಂಜಿನದು ಕಿಟಕಿ ತೆರೆದ ಮನೆ. ಹಾಡೂ ಕೇಳುತ್ತದೆ, ಬೀದಿಯ ಸದ್ದೂ ಬರುತ್ತದೆ. ಕಿವಿಯೊಳಗೆ ರಬ್ಬರ್ ಬೂಚು ತೂರಿಸುವಂಥದು ಬಾಗಿಲು ಜಡಿದ ಮನೆ. ಹೊರಗಿನ ಸದ್ದು ಬಹುಪಾಲು ಒಳಗೆ ಬಾರದು.

ಮಂಡಿಪೇಟೆ, ಚೌಕಿಪೇಟೆಯ ಗಲ್ಲಾಪೆಟ್ಟಿಗೆ ಹಿಂದೆ ಕೂರುವವರಿಗೆ ಕಿಟಕಿ ತೆರೆದದ್ದೇ ಬೇಕು. ‘ಯಜಮಾನ್ರೆ, ಅರ್ಧ ಕೇಜಿ ಶೇಂಗಾ’ ಎಂದು ಗಿರಾಕಿ ಕೂಗಿದ್ದು ಕೇಳದಿದ್ದರೆ, ಆತ ಎರಡನೇ ಸಲ ಕೂಗುವುದಿಲ್ಲ. ಪಕ್ಕದ ಅಂಗಡಿಗೆ ಹೋಗುತ್ತಾನೆ. ಒಂದೇ ಕಿವಿಗೆ ಹಾಕಿಕೊಳ್ಳುವವರು ಫೋನಿನ ಸೆಟ್ಟಿಂಗ್‌ನಲ್ಲಿ ‘ಮೋನೋ ಆಡಿಯೋ’ ಎಂಬುದನ್ನು ಹುಡುಕಿ ಆನ್ ಮಾಡಿಕೊಳ್ಳಬೇಕು. ಸ್ಟೀರಿಯೋ ಹಾಡಿನಲ್ಲಿ ಒಂದು ವಾದ್ಯ ಎಡಗಿವಿಗೆ, ಇನ್ನೊಂದು ಬಲಗಿವಿಗೆ ಹಂಚಿರುತ್ತದೆ. ಒಂದೇ ಕಿವಿಯಲ್ಲಿ ಕೇಳಿದರೆ ಅರ್ಧ ಹಾಡು ಕಾಣೆ. ಮೋನೋ ಮಾಡಿದರೆ ಎರಡೂ ಒಂದೇ ಕಡೆ ಬರುತ್ತವೆ. ಇದಕ್ಕೆ ಪೈಸೆ ಖರ್ಚಿಲ್ಲ.

ಬಸ್ಸಿನ ಲೆಕ್ಕ ಉಲ್ಟಾ. ಸ್ಪಂಜಿನದು ಹಾಕಿಕೊಂಡು ಬಸ್ ಹತ್ತಿದರೆ ಇಂಜಿನ್ ಗುಡುಗು, ಹಾರ್ನು, ಕಿಟಕಿ ಗಾಜಿನ ಗಡಗಡ ಎಲ್ಲವೂ ಕಿವಿಗೆ ಬೀಳುತ್ತವೆ. ಹಾಡು ಕೇಳಿಸದು. ಕೈ ತಾನಾಗೇ ಸೌಂಡ್ ಏರಿಸುತ್ತದೆ. ಪಿ.ಬಿ. ರಸ್ತೆ ಬಿಟ್ಟು ದೊಡ್ಡಬಾತಿ ದಾಟುವ ಹೊತ್ತಿಗೆ ಫುಲ್ ಸೌಂಡ್. ಬಸ್ಸಿಳಿದ ಮೇಲೂ ಅದೇ ಸೌಂಡ್ ಮುಂದುವರಿಯುತ್ತದೆ, ಇಳಿಸುವ ನೆನಪೇ ಇರದು. ಅಪಾಯ ಇರುವುದು ಇಲ್ಲಿಯೇ. ಬಸ್ಸಿನವರಿಗೆ ಬೂಚಿನದೇ ವಾಸಿ, ಏಕೆಂದರೆ ಹೊರಗಿನ ಸದ್ದು ತಗ್ಗಿದರೆ ಹಾಡನ್ನು ಸಣ್ಣಗೆ ಇಟ್ಟರೂ ಸಾಕು.

ಆ ಬೂಚಿನ ಬಗ್ಗೆಯೂ ಒಂದು ಮಾತು. ಡಬ್ಬಿಯಲ್ಲಿ ಸಾಮಾನ್ಯವಾಗಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಜೊತೆ ರಬ್ಬರ್ ಇರುತ್ತವೆ. ಬಹಳ ಮಂದಿ ಅದನ್ನು ತೆಗೆದೇ ನೋಡುವುದಿಲ್ಲ, ಡಬ್ಬಿ ಸಮೇತ ಕಸದ ಬುಟ್ಟಿಗೆ. ಕಿವಿಗೆ ಸರಿಯಾಗಿ ಕೂರದ ಬೂಚು ಗಾಳಿ ಬಿಡುತ್ತದೆ, ಬೇಸ್ ಪೂರ್ತಿ ಸೋರಿಹೋಗುತ್ತದೆ. ‘ಇದರಾಗ ಬೇಸೇ ಇಲ್ಲ ಬಿಡ್ರೀ’ ಎಂದು ವಾಪಸ್ ತರುವ ಸೆಟ್ಟುಗಳಲ್ಲಿ ಎಷ್ಟೋ ದೋಷವಿಲ್ಲದವು. ಬೂಚು ಬದಲಾಯಿಸಿದ್ದರೆ ಸಾಕಿತ್ತು. ಎರಡು ಕಿವಿಗೂ ಒಂದೇ ಅಳತೆ ಹೊಂದಬೇಕೆಂದೂ ಇಲ್ಲ.

ಆರು ಗಂಟೆಯ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಕೊಟ್ಟಿದೆ. ವ್ಯಾಪಾರಸ್ಥರು ಕೂಡಿ ಕಳೆಯಲು ಬಲ್ಲವರು, ಅವರೇ ನೋಡಲಿ. ಶಬ್ದ 80 ಡೆಸಿಬೆಲ್ ಇದ್ದರೆ ದೊಡ್ಡವರು ವಾರಕ್ಕೆ 40 ಗಂಟೆ ಕೇಳಬಹುದು. ಅಲ್ಲಿಂದ ಮುಂದೆ ಮೂರು ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧಕ್ಕರ್ಧ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. 90ಕ್ಕೆ ಬಂದರೆ ವಾರಕ್ಕೆ ಬರೇ 4 ಗಂಟೆ. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ, 75 ಡೆಸಿಬೆಲ್‌ಗೆ 40 ಗಂಟೆ.

ಹರಿಹರದಿಂದ ದಿನಾ ಹೋಗಿಬರುವವರ ಲೆಕ್ಕ ಹೀಗೆ. ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ. ವಾರಕ್ಕೆ ಆರು ದಿನ ಎಂದರೆ ಆರು ಗಂಟೆ. 80ರಲ್ಲಿ ಕೇಳಿದರೆ ನಲವತ್ತರಲ್ಲಿ ಆರು ಖರ್ಚು, ಬೇಕಾದಷ್ಟು ಉಳಿತಾಯ. ಅದೇ ಬಸ್ಸಿನ ಗದ್ದಲ ಮೀರಿಸಲು 90ಕ್ಕೆ ಏರಿಸಿದರೆ ಗುರುವಾರಕ್ಕೇ ಕೋಟಾ ಮುಗೀತು. ಶುಕ್ರವಾರ, ಶನಿವಾರ ಕೇಳುವುದೆಲ್ಲ ಸಾಲ. ಈ ಸಾಲ ತೀರುವುದಿಲ್ಲ, ಯಾಕೆಂದರೆ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಅಂಗಡಿಯಲ್ಲಿ ದಿನಕ್ಕೆ ಎಂಟು ಗಂಟೆ ಹಾಕಿಕೊಂಡು ಕೂರುವವರು ಇನ್ನೂ ಹುಷಾರಾಗಿರಬೇಕು. ವಾರಕ್ಕೆ 48 ಗಂಟೆ ಆಯಿತಲ್ಲ! 80 ಡೆಸಿಬೆಲ್ ಕೂಡ ಅವರಿಗೆ ಹೆಚ್ಚು.

ಡೆಸಿಬೆಲ್ ಅಳೆಯುವ ಯಂತ್ರ ಯಾರ ಜೇಬಲ್ಲಿರುತ್ತದೆ ಎಂದು ಕೇಳಬಹುದು. ಕೆಲವು ಫೋನುಗಳೇ ತೋರಿಸುತ್ತವೆ. ಇಲ್ಲದಿದ್ದರೆ ಫೋನಿನ ಸೌಂಡ್ ಗೀಟನ್ನು ನೂರಕ್ಕೆ ಅರವತ್ತರ ಒಳಗೆ ಇಡಿ. ಪಕ್ಕದ ಸೀಟಿನವರಿಗೆ ನಿಮ್ಮ ಹಾಡು ಕೇಳಿಸುತ್ತಿದ್ದರೆ ಅದು ಹೆಚ್ಚಾಯಿತೆಂದೇ ಅರ್ಥ. ಕೆಳಗಿಳಿದ ಮೇಲೆ ಕಿವಿಯೊಳಗೆ ‘ಗುಂಯ್’ ಎನ್ನುತ್ತಿದ್ದರೆ ಕಿವಿ ಆಗಲೇ ಏಟು ತಿಂದಿದೆ. ಆ ಸದ್ದು ಎರಡು ದಿನವಾದರೂ ಹೋಗದಿದ್ದರೆ, ಅಥವಾ ಕಿವಿ ಸೋರುತ್ತಿದ್ದರೆ, ಬೂಚು ತೆಗೆದಿಟ್ಟು ಚಿಗಟೇರಿ ಜಿಲ್ಲಾ ಆಸ್ಪತ್ರೆಯ ದಾರಿ ಹಿಡಿಯಬೇಕು. ಕಿವಿಗೆ ಎಣ್ಣೆ ಬಿಟ್ಟುಕೊಂಡು ಕೂರುವುದಲ್ಲ.

ಗಿರಣಿ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗದ ಹಾಲ್‌ನಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಮಂದವಾಗುವುದು ಜಗತ್ತಿನ ಎಲ್ಲ ಹತ್ತಿ ಊರುಗಳ ಹಳೇ ಕಥೆ. ಸದ್ದಿನಿಂದ ಬರುವ ಕಿವುಡನ್ನು 1923ರ ಕಾರ್ಮಿಕ ಪರಿಹಾರ ಕಾಯ್ದೆಯ ವೃತ್ತಿರೋಗಗಳ ಪಟ್ಟಿಗೂ ಸೇರಿಸಲಾಗಿತ್ತು. ಅವರಿಗೆ ಬೇರೆ ದಾರಿ ಇರಲಿಲ್ಲ, ಹೊಟ್ಟೆಪಾಡು. ಇಂದಿನ ಹುಡುಗರು ದುಡ್ಡು ಕೊಟ್ಟು ಗಿರಣಿಯನ್ನೇ ಕಿವಿಯೊಳಗೆ ತೂರಿಸಿಕೊಳ್ಳುತ್ತಿದ್ದಾರೆ.

ಹಳಿ ಹತ್ತಿರ ತೆಗೆದುಬಿಡಿ

ಬಸ್ಸಿಗೆ ಬೂಚಿನದು ವಾಸಿ ಅಂದದ್ದು ಕೂತವರಿಗೆ. ನಡೆಯುವವರಿಗಲ್ಲ, ಗಾಡಿ ಓಡಿಸುವವರಿಗಂತೂ ಅಲ್ಲವೇ ಅಲ್ಲ. ದಾವಣಗೆರೆಯೂ ಹರಿಹರವೂ ರೈಲು ಹಳಿ ಹಾದುಹೋದ ಊರುಗಳು. ಅಶೋಕ ಟಾಕೀಸ್ ಬಳಿಯ ರೈಲ್ವೆ ಗೇಟಿನಲ್ಲಿ ಕಾದು ಕಾದು ಸುಸ್ತಾದ ನೆನಪು ಊರಿಗೆಲ್ಲ ಇದೆ. ಹಿಂದೆ ಡೀಸೆಲ್ ಇಂಜಿನ್ ಬರುತ್ತಿದ್ದರೆ ನೆಲವೇ ನಡುಗುತ್ತಿತ್ತು, ದೂರದಿಂದಲೇ ಗೊತ್ತಾಗುತ್ತಿತ್ತು. ಈಗ ಹಳಿಯ ಮೇಲೆ ಕರೆಂಟಿನ ರೈಲು. 2023ರ ಜೂನ್ 27ರಂದು ಶುರುವಾದ ಬೆಂಗಳೂರು-ಧಾರವಾಡ ವಂದೇ ಭಾರತ್ ದಾವಣಗೆರೆ ಮೇಲೆಯೇ ಹೋಗುತ್ತದೆ. ಡೀಸೆಲ್ಲಿನ ಆ ಗುಡುಗು ಅದಕ್ಕಿಲ್ಲ. ಹಳಿ ದಾಟುವವನ ಕಿವಿಯಲ್ಲಿ ಬೂಚು ಇದ್ದರೆ, ಹಾರ್ನ್ ಹೊಡೆದರೂ ತಿಳಿಯದು.

2018ರ ಏಪ್ರಿಲ್ 26ರಂದು ಉತ್ತರ ಪ್ರದೇಶದ ಕುಶಿನಗರದಲ್ಲಿ ಕಾವಲಿಲ್ಲದ ರೈಲ್ವೆ ಗೇಟಿನಲ್ಲಿ ಶಾಲಾ ವ್ಯಾನ್‌ಗೆ ರೈಲು ಬಡಿದು 13 ಮಕ್ಕಳು ಸತ್ತರು. ಚಾಲಕ ಇಯರ್‌ಫೋನ್ ಹಾಕಿಕೊಂಡಿದ್ದ ಎಂದು ಆಗ ವರದಿಯಾಗಿತ್ತು. ಹರಿಹರದ ಸ್ಟೇಷನ್ ಕಡೆ, ಅಮರಾವತಿ ಕಾಲೋನಿ ಕಡೆ ಹಳಿ ಹಿಡಿದು ಕಾಲ್ನಡಿಗೆಯಲ್ಲಿ ಹೋಗುವವರಿದ್ದರೆ ಮನೆಯವರು ಇದನ್ನು ಓದಿ ಹೇಳಲಿ.

ಡಬ್ಬಿ ಮೇಲೆ ಏನಿದೆ ಓದಿ

ಡಬ್ಬಿಯ ಮೇಲಿನ ಅಕ್ಷರಗಳಲ್ಲಿ ಅರ್ಧ ಗಿರಾಕಿಗೆ ಬೇಡದ್ದು. ‘ಹೈ ರೆಸ್, 40 ಸಾವಿರ ಹರ್ಟ್ಜ್’ ಎಂದು ಚಿನ್ನದ ಬಣ್ಣದಲ್ಲಿ ಬರೆದಿರುತ್ತದೆ. ಮನುಷ್ಯನ ಕಿವಿಗೆ ಕೇಳುವುದೇ ಇಪ್ಪತ್ತು ಸಾವಿರದವರೆಗೆ, ಅದೂ ಹುಡುಗಾಟದ ವಯಸ್ಸಿನಲ್ಲಿ. ಐವತ್ತು ದಾಟಿದ ಯಜಮಾನರಿಗೆ ಮೇಲಿನ ಸ್ವರಗಳು ಎಂದೋ ಮರೆಯಾಗಿರುತ್ತವೆ. ನಲವತ್ತು ಸಾವಿರದ ದುಡ್ಡು ಬಾವಲಿಗೆ ಕೊಟ್ಟಂತೆ.

ಇನ್ನೊಂದು ದೊಡ್ಡ ಗೊಂದಲ ‘ಎ.ಎನ್.ಸಿ.’ ಮತ್ತು ‘ಇ.ಎನ್.ಸಿ.’ಯದು. ಒಂದೇ ಅಕ್ಷರದ ವ್ಯತ್ಯಾಸ, ಆದರೆ ಅಜಗಜಾಂತರ. ಎ.ಎನ್.ಸಿ. ಇದ್ದರೆ ಇಂಜಿನ್ ಗುಂಯ್‌ಗುಡುವುದು ನಿಮ್ಮ ಕಿವಿಗೆ ಕಡಿಮೆಯಾಗುತ್ತದೆ. ಇ.ಎನ್.ಸಿ. ಮೈಕಿಗೆ ಸಂಬಂಧಿಸಿದ್ದು, ನೀವು ಫೋನಿನಲ್ಲಿ ಮಾತಾಡುವಾಗ ಆಚೆ ಕಡೆಯವರಿಗೆ ಬಸ್ಸಿನ ಸದ್ದು ಕಡಿಮೆ ಕೇಳುತ್ತದೆ, ಅಷ್ಟೆ. ಹಾಡು ಕೇಳುವವರಿಗೆ ಅದರಿಂದ ಪ್ರಯೋಜನ ಸೊನ್ನೆ. ‘ನಾಯ್ಸ್ ಕ್ಯಾನ್ಸಲ್ ಐತ್ರೀ’ ಎಂದರೆ ಯಾವುದಪ್ಪಾ ಎಂದು ಕೇಳಿ, ಡಬ್ಬಿಯ ಮೇಲಿನ ಮೊದಲ ಅಕ್ಷರ ನೋಡಿ.

ವೈರೋ, ಬ್ಲೂಟೂತೋ? ಜೇಬು ಸಣ್ಣದಿದ್ದರೆ ವೈರೇ. ಅದೇ ದುಡ್ಡಿಗೆ ಸದ್ದು ಸ್ವಚ್ಛ, ಚಾರ್ಜ್ ಗೋಳಿಲ್ಲ, ಬಸ್ಸಿನ ಸೀಟಿನಡಿ ಒಂದು ಗುಂಡು ಉರುಳಿಹೋಗುವ ಭಯವಿಲ್ಲ. ಬ್ಲೂಟೂತ್‌ನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ, ಸಣ್ಣ ಗುಂಡುಗಳಲ್ಲಿ ಅದನ್ನು ಬದಲಾಯಿಸಿಕೊಡುವವರೂ ಸಿಗುವುದಿಲ್ಲ. ವೈರಿಗೆ ಇನ್ನೊಂದು ಲಾಭವಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಫೋನಿನ ಎಫ್.ಎಂ. ರೇಡಿಯೋಗೆ ಆ ವೈರೇ ಆಂಟೆನಾ. ಅದನ್ನು ಸಿಕ್ಕಿಸಿದರೆ ಡೇಟಾ ಖರ್ಚಿಲ್ಲದೆ ಆಕಾಶವಾಣಿ ಕೇಳಬಹುದು. ರೇಡಿಯೋ ಸೌಲಭ್ಯವನ್ನು ಫೋನಿನಲ್ಲಿ ಮುಚ್ಚಬೇಡಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ಕಂಪನಿಗಳಿಗೆ ಸಲಹೆ ನೀಡಿತ್ತು. ಆದರೂ ಹೊಸ ಫೋನುಗಳಲ್ಲಿ ವೈರು ಸಿಕ್ಕಿಸುವ ದುಂಡು ತೂತೇ ಮಾಯವಾಗುತ್ತಿದೆ. ಅಂಥ ಫೋನಿದ್ದವರು ಟೈಪ್-ಸಿ ವೈರಿನದು ಕೊಳ್ಳುವ ಮುನ್ನ ಅಂಗಡಿಯಲ್ಲೇ ಫೋನಿಗೆ ಹಾಕಿ ನೋಡಬೇಕು. ಎಲ್ಲವೂ ಎಲ್ಲಕ್ಕೂ ಹೊಂದುವುದಿಲ್ಲ.

ವೈರು ಹೆಚ್ಚಾಗಿ ಕಡಿಯುವುದು ಪಿನ್ನಿನ ಬುಡದಲ್ಲಿ. ನೆಟ್ಟಗಿನ ಪಿನ್ನಿಗಿಂತ ಎಲ್ ಆಕಾರದ್ದು ಜೇಬಿನಲ್ಲಿ ಹೆಚ್ಚು ಬಾಳುತ್ತದೆ. ಕೊಳ್ಳುವಾಗ ಹಾಡು ಹಚ್ಚಿ, ಬುಡವನ್ನು ಮೆಲ್ಲಗೆ ಆಚೀಚೆ ಬಾಗಿಸಿ ನೋಡಿ. ಕರಕರ ಅಂದರೆ ಅಲ್ಲೇ ಬಿಡಿ. ಅಂಗಡಿಯವರ ಡಬಡಬ ಹಾಡಿನಲ್ಲಿ ಪರೀಕ್ಷೆ ಬೇಡ. ಅದರಲ್ಲಿ ಎಲ್ಲವೂ ಚೆನ್ನಾಗೇ ಕೇಳುತ್ತದೆ. ನಿಮಗೆ ಬಾಯಿಪಾಠ ಇರುವ ಹಳೇ ಹಾಡೊಂದನ್ನು ಸಣ್ಣ ಸೌಂಡಿನಲ್ಲಿ ಹಚ್ಚಿ. ಸಾಹಿತ್ಯ ಬಿಡಿಬಿಡಿಯಾಗಿ ಕೇಳಿದರೆ ಸೆಟ್ ಪಾಸು.

ರೇಟಿನ ಆಟ ವ್ಯಾಪಾರಸ್ಥರಿಗೇ ಗೊತ್ತು. ಎಂ.ಆರ್.ಪಿ. ಮೂರು ಸಾವಿರ ಬರೆದು ಒಂಬೈನೂರಕ್ಕೆ ಕೊಟ್ಟರೆ ಎರಡು ಸಾವಿರದ ನೂರು ಉಳಿಯಿತೆಂದು ಹಿಗ್ಗಬೇಕಿಲ್ಲ. ಡಬ್ಬಿಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ತಿಂಗಳು-ವರ್ಷ, ಗ್ರಾಹಕರ ದೂರಿನ ಫೋನ್ ನಂಬರ್ ಇರಲೇಬೇಕು, ಅದು ಕಾನೂನು. ಬ್ಲೂಟೂತ್ ಸೆಟ್ ಆದರೆ ಬಿ.ಐ.ಎಸ್. ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಬಿ.ಐ.ಎಸ್. ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಒತ್ತಿದರೆ ಅಸಲಿಯೋ ನಕಲಿಯೋ ಅಲ್ಲೇ ಬಯಲು. ‘ಬಿಲ್ ಬೇಡಾಂದ್ರ ಐವತ್ತು ಕಡಿಮೆ’ ಎಂಬ ಮಾತಿಗೆ ಮರುಳಾದರೆ ವಾರಂಟಿ ಗೋತಾ. ಬಿಲ್ ಇದ್ದೂ ಬದಲಾಯಿಸಿ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಇನ್ನು ಮನೆಯಲ್ಲಿ ಹಳೇ ಸ್ಪಂಜಿನ ಹೆಡ್‌ಫೋನ್ ಬಿದ್ದಿದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಸಿಕ್ಕಿಸಿ ನೋಡಿ. ಎಷ್ಟೋ ಸಲ ಹೋಗಿರುವುದು ಸ್ಪಂಜು ಮಾತ್ರ, ಒಳಗಿನ ಸ್ಪೀಕರ್ ಗಟ್ಟಿಯಾಗಿರುತ್ತದೆ. ಕಾಸ್ ಕಂಪನಿ 1984ರಲ್ಲಿ ತಂದ ಪೋರ್ಟಾ ಪ್ರೋ ಎಂಬ ಸ್ಪಂಜಿನ ಮಾದರಿ ಇಂದಿಗೂ ಹೆಚ್ಚೂಕಡಿಮೆ ಅದೇ ರೂಪದಲ್ಲಿ ಮಾರಾಟವಾಗುತ್ತಿದೆ. ಸ್ಪಂಜಿನ ಟೊಪ್ಪಿಗೆಗಳು ಬಿಡಿಯಾಗಿ ಅಗ್ಗಕ್ಕೆ ಸಿಗುತ್ತವೆ. ಐದು ಸೆಂಟಿಮೀಟರ್ ಅಳತೆಯದು ಬಹಳಷ್ಟಕ್ಕೆ ಹೊಂದುತ್ತದೆ. ಸ್ಕೇಲ್ ಇಟ್ಟು ಅಳೆದುಕೊಂಡೇ ಅಂಗಡಿಗೆ ಹೋಗಿ. ಪಿನ್ನಿನ ಬುಡದಲ್ಲಿ ಕಡಿದಿದ್ದರೆ ಹೊಸ ಪಿನ್ ಬೆಸುಗೆ ಹಾಕಿಕೊಡುವ ರೇಡಿಯೋ ರಿಪೇರಿಯವರನ್ನು ಮೊದಲು ವಿಚಾರಿಸಿ, ಹೊಸದರ ಮಾತು ಆಮೇಲೆ.